80 ರೂಪಾಯಿ ಚಟ್ನಿಗೆ 90 ರೂಪಾಯಿ ಟಪಾಲು!

ಇವತ್ತು ರಾಜಕೀಯ ಇಲ್ಲ, ಜಗಳ ಇಲ್ಲ. ಒಂದು ಸಣ್ಣ ಲೆಕ್ಕ ಇದೆ. ಸಣ್ಣದು ಅಂತ ಚಾನೆಲ್ ಬದಲಾಯಿಸಬೇಡಿ. ಈ ಲೆಕ್ಕ ತಪ್ಪಿದ್ದಕ್ಕೇ ನಮ್ಮ ಊರುಗಳಲ್ಲಿ ಎಷ್ಟೋ ವ್ಯಾಪಾರಗಳು ಹುಟ್ಟಿದ ಆರು ತಿಂಗಳಿಗೇ ಕಣ್ಣು ಮುಚ್ಚುತ್ತವೆ.

ಸಿಂದಗಿಯ ಒಬ್ಬ ಅಕ್ಕ ಶೇಂಗಾ ಚಟ್ನಿ ಮಾಡಿ ಮಾರ್ತಾರೆ ಅಂತ ಇಟ್ಕೊಳ್ಳಿ. ಕಾಲು ಕಿಲೋ ಪಾಕೀಟು, ಬೆಲೆ 80 ರೂಪಾಯಿ. ಶೇಂಗಾ, ಬೆಳ್ಳುಳ್ಳಿ, ಖಾರ, ಗ್ಯಾಸು, ಕುಟ್ಟಿದ ಕೂಲಿ ಎಲ್ಲ ಸೇರಿ ಅವರಿಗೆ ಬೀಳೋದು 55 ರೂಪಾಯಿ. ಊರಲ್ಲೇ ಮಾರಿದರೆ 25 ರೂಪಾಯಿ ಉಳೀತು, ಸಂತೋಷ. ಈಗ ಬೆಂಗಳೂರಿನಿಂದ ಒಬ್ಬರು ಮೊಬೈಲ್‌ನಲ್ಲಿ ಆರ್ಡರ್ ಹಾಕಿದರು. ಅಕ್ಕ ಪಾಕೀಟು ಹಿಡಿದು ಕೊರಿಯರ್ ಅಂಗಡಿಗೆ ಹೋದರು. ಅವನು ಕಾಟಾದ ಮೇಲಿಟ್ಟು ಹೇಳಿದ: “90 ರೂಪಾಯಿ ಆಗ್ತದರೀ ಅಕ್ಕಾರ.”

ಇಲ್ಲಿಗೆ ಕಥೆ ಮುಗೀತು. ಡಬ್ಬಿ ಸೇರಿ ಬೆಂಗಳೂರಿನವರಿಗೆ ಆ ಚಟ್ನಿ 180 ರೂಪಾಯಿ ಆಗುತ್ತೆ. ಅವರು “ಬೇಡ ಬಿಡಿ” ಅಂತಾರೆ. ಅಕ್ಕ “ಈ ಆನ್‌ಲೈನ್ ನಮ್ಮಂಥವರಿಗಲ್ಲ” ಅಂತಾರೆ. ಇಬ್ಬರ ಮಾತೂ ಅವರವರ ಮಟ್ಟಿಗೆ ಸರಿ. ಆದರೆ ಇಬ್ಬರ ನಡುವೆ ಒಂದು ಲೆಕ್ಕ ಬಿಟ್ಟುಹೋಗಿದೆ. ಅದನ್ನೇ ಇವತ್ತು ಬಿಡಿಸಿ ನೋಡೋಣ. ಈ 55, 80, 90 ಎಲ್ಲ ಉದಾಹರಣೆಯ ಅಂಕಿಗಳು. ನಿಮ್ಮ ಊರಿನ ದರ ಹಾಕಿ ನೀವೇ ಮತ್ತೆ ಕೂಡಿಸಿ ಕಳೆದು ನೋಡಿ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕೂ ಊರಿನ ಪಿನ್‌ಕೋಡ್ 586ರಿಂದ ಶುರುವಾಗುತ್ತೆ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಅನ್ನೋ ಮಾತು ಈ ಸೀಮೆಯದ್ದು. ಬಿಳಿಜೋಳ, ತೊಗರಿ, ಶೇಂಗಾ, ಅಗಸೆ, ಗುರೆಳ್ಳು, ಲಿಂಬಿ ಎಲ್ಲ ಇಲ್ಲಿವೆ. ಇವುಗಳಿಂದ ಖಡಕ್ ರೊಟ್ಟಿ, ನಾಲ್ಕಾರು ಬಗೆಯ ಚಟ್ನಿಪುಡಿ, ಶೇಂಗಾ ಹೋಳಿಗೆ, ಉಪ್ಪಿನಕಾಯಿ ಮಾಡುವ ಕೈಗಳೂ ಇಲ್ಲೇ ಇವೆ. ತಿನ್ನುವ ಬಾಯಿಗಳು ಮಾತ್ರ ಬೆಂಗಳೂರು, ಪುಣೆ, ಮುಂಬೈಯಲ್ಲಿ. ಇದೇ ಜಿಲ್ಲೆಯಿಂದ ಕೆಲಸ ಹುಡುಕಿ ಗೋವಾ, ಮಹಾರಾಷ್ಟ್ರಕ್ಕೆ ಗುಳೆ ಹೋಗೋದು ಇವತ್ತಿಗೂ ನಿಂತಿಲ್ಲ. ಅಂದರೆ ಪ್ರಶ್ನೆ ಇಷ್ಟೇ: ಊರಿನ ಸರಕು ಹೊರಗೆ ಹೋಗಬೇಕೋ, ಊರಿನ ಜನ ಹೊರಗೆ ಹೋಗಬೇಕೋ? ಸರಕು ಹೋಗಬೇಕು ಅನ್ನೋದಾದರೆ ಸಾಗಣೆ ಲೆಕ್ಕ ಕಲೀಲೇಬೇಕು.

ಟಪಾಲು ಬೆಲೆ ನೋಡಲ್ಲ, ತೂಕ ನೋಡುತ್ತೆ

ಮೊದಲ ಪಾಠ. ಪಾರ್ಸಲ್ ಒಳಗೆ 80 ರೂಪಾಯಿ ಚಟ್ನಿ ಇದ್ದರೂ, 8,000 ರೂಪಾಯಿ ರೇಷ್ಮೆ ಸೀರೆ ಇದ್ದರೂ, ತೂಕ ಒಂದೇ ಆದರೆ ಸಾಗಣೆ ದರವೂ ಒಂದೇ. ಸೀರೆಗೆ 90 ರೂಪಾಯಿ ಅಂದರೆ ನೂರಕ್ಕೆ ಒಂದು ರೂಪಾಯಿ ಚಿಲ್ಲರೆ. ಚಟ್ನಿಗೆ 90 ರೂಪಾಯಿ ಅಂದರೆ ಸರಕಿನ ಬೆಲೆಗಿಂತ ಜಾಸ್ತಿ. ಕೊರಿಯರ್‌ನವನು ಅಕ್ಕನಿಗೆ ಮೋಸ ಮಾಡಿಲ್ಲ. ಅವನ ವ್ಯಾನು, ಹುಡುಗ, ಪೆಟ್ರೋಲು, ಬಾಗಿಲು ಬಡಿಯುವ ಕೆಲಸ ಎರಡಕ್ಕೂ ಒಂದೇ.

ಅದಕ್ಕೇ ಸಣ್ಣ ಮಾರಾಟಗಾರರು ಮೊದಲು ಕೇಳಬೇಕಾದ ಪ್ರಶ್ನೆ “ಕೊರಿಯರ್ ಎಲ್ಲಿ ಅಗ್ಗ?” ಅನ್ನೋದಲ್ಲ. “ನನ್ನ ಸರಕು ಒಂದು ಕಿಲೋ ತೂಕಕ್ಕೆ ಎಷ್ಟು ರೂಪಾಯಿ ಹೊರುತ್ತೆ?” ಅನ್ನೋದು.

ಇಂಡಿಯ ನಿಂಬೆಯನ್ನೇ ನೋಡಿ. 2023ರಲ್ಲಿ ಇಂಡಿ ನಿಂಬೆಗೆ ಭೌಗೋಳಿಕ ಸೂಚಿಕೆ, ಅಂದರೆ ನಾವೆಲ್ಲ ಜಿಐ ಟ್ಯಾಗ್ ಅಂತೀವಲ್ಲ, ಅದು ಸಿಕ್ತು. ರಾಜ್ಯದ ನಿಂಬೆ ಅಭಿವೃದ್ಧಿ ಮಂಡಳಿ ಇರೋದೂ ಇಂಡಿಯಲ್ಲೇ. ದೊಡ್ಡ ಗೌರವ, ಸಂಶಯ ಇಲ್ಲ. ಆದರೆ ಜಿಐ ಟ್ಯಾಗ್ ಬಂದ ಮಾತ್ರಕ್ಕೆ ಹಣ್ಣಿನ ತೂಕ ಇಳಿಯಲ್ಲ. ಹಸಿ ನಿಂಬೆಯಲ್ಲಿ ಬಹುಪಾಲು ನೀರು. ಒಂದು ಕಿಲೋ ನಿಂಬೆಯನ್ನ ಪಾರ್ಸಲ್ ಮಾಡಿ ಬೆಂಗಳೂರಿಗೆ ಕಳಿಸಿದರೆ ನಾವು ನೀರಿಗೆ ಟಿಕೆಟ್ ತೆಗೆದ ಹಾಗೆ! ಹಸಿ ಹಣ್ಣು ಲಾರಿಯಲ್ಲಿ ಚೀಲಗಟ್ಟಲೆ ಹೋಗಬೇಕಾದ ಸರಕು. ಅದೇ ನಿಂಬೆ ಉಪ್ಪಿನಕಾಯಿ ಆದರೆ ಕಿಲೋ ತೂಕಕ್ಕೆ ಬೆಲೆ ಏರುತ್ತೆ, ವಾರಗಟ್ಟಲೆ ದಾರಿಯಲ್ಲಿದ್ದರೂ ಕೆಡಲ್ಲ. ಆಗ ಪಾರ್ಸಲ್‌ಗೆ ಒಂದು ಅರ್ಥ ಬರುತ್ತೆ. ಎಣ್ಣೆ ಸೋರದ ಹಾಗೆ ಮುಚ್ಚಳದ ಒಳಗೊಂದು ಸೀಲು, ಹೊರಗೊಂದು ಪ್ಲಾಸ್ಟಿಕ್ ಚೀಲ, ಇಷ್ಟು ಮಾಡಬೇಕು. ಸೋರಿದರೆ ನಿಮ್ಮ ಪಾರ್ಸಲ್ ಮಾತ್ರ ಹಾಳಾಗಲ್ಲ, ಪಕ್ಕದವರ ಪಾರ್ಸಲ್ಲೂ ಹಾಳಾಗುತ್ತೆ.

ಇನ್ನು ಕೊಲ್ಹಾರದ ಮೊಸರು ಇದೆಯಲ್ಲ, ಮಡಕೆಯಲ್ಲಿ ಕಟ್ಟಿದ್ದು? ಅದನ್ನ ದಯವಿಟ್ಟು ಅಲ್ಲಿಗೇ ಹೋಗಿ ತಿನ್ನಿ. ಎಲ್ಲ ಸರಕೂ ಪಾರ್ಸಲ್‌ಗೆ ಹುಟ್ಟಿದ್ದಲ್ಲ ಅಂತ ಒಪ್ಪಿಕೊಳ್ಳೋದೂ ವ್ಯಾಪಾರವೇ.

ಮೆಟ್ಟಿಲು ಲೆಕ್ಕ

ಎರಡನೇ ಪಾಠ. ಸಾಗಣೆ ದರ ಗ್ರಾಂ ಗ್ರಾಂಗೆ ಏರಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತೆ. ಸ್ಲ್ಯಾಬ್ ಅಂತಾರೆ. ಸಾಮಾನ್ಯವಾಗಿ ಪಾರ್ಸಲ್‌ಗೆ ಅರ್ಧ ಕಿಲೋಗೆ ಒಂದು ಮೆಟ್ಟಿಲು. 500 ಗ್ರಾಂ ಆದರೂ ಒಂದು ದರ, 300 ಗ್ರಾಂ ಆದರೂ ಅದೇ ದರ. ಆದರೆ 510 ಗ್ರಾಂ ಆಯ್ತೋ, ಮುಂದಿನ ಮೆಟ್ಟಿಲು.

ಈಗ ನೋಡಿ ಎಲ್ಲಿ ಎಡವುತ್ತೀವಿ ಅಂತ. ಅರ್ಧ ಕಿಲೋ ಚಟ್ನಿ ತೂಗಿ ಪಾಕೀಟು ಮಾಡ್ತೀವಿ. ಆಮೇಲೆ ರಟ್ಟಿನ ಡಬ್ಬಿ, ಟೇಪು, ಒಳಗೆ ಒಂದು ಮಡಚಿದ ಪೇಪರು. 60 ಗ್ರಾಂ ಏರಿತು. ಪಾರ್ಸಲ್ 560 ಗ್ರಾಂ. ಆ 60 ಗ್ರಾಂ ರಟ್ಟಿಗೆ ಅರ್ಧ ಕಿಲೋ ದರ ಕಟ್ಟಿದಿರಿ. ತೂಗಬೇಕಾದ್ದು ಸರಕನ್ನಲ್ಲ, ಟೇಪ್ ಹಚ್ಚಿ ಮುಗಿಸಿದ ಪಾರ್ಸಲ್ಲನ್ನ. ಹಾಗಾಗಿ 500 ಬದಲು 430 ಗ್ರಾಂ ಪಾಕೀಟು ಮಾಡಿ, ಬೆಲೆಯೂ ಅಷ್ಟಕ್ಕೇ ಇಡಿ, ಪಾಕೀಟಿನ ಮೇಲೆ 430 ಗ್ರಾಂ ಅಂತಲೇ ನಿಜವಾದ ತೂಕ ಬರೀರಿ. ಇದರಲ್ಲಿ ಯಾರಿಗೂ ಮೋಸ ಇಲ್ಲ.

ಮೆಟ್ಟಿಲಿನ ಇನ್ನೊಂದು ಗುಣ: ಮೊದಲನೆಯದೇ ಎತ್ತರ. ಮುಂದಿನವು ಚಿಕ್ಕವು. ಉದಾಹರಣೆಗೆ ಮೊದಲ ಅರ್ಧ ಕಿಲೋಗೆ 90 ರೂಪಾಯಿ, ಆಮೇಲಿನ ಪ್ರತಿ ಅರ್ಧ ಕಿಲೋಗೆ 30 ರೂಪಾಯಿ ಅಂತ ಇಟ್ಕೊಳ್ಳಿ. ಒಂದೇ ಪಾಕೀಟು ಕಳಿಸಿದರೆ ಅದರ ತಲೆ ಮೇಲೆ ಪೂರ್ತಿ 90. ನಾಲ್ಕು ಪಾಕೀಟು ಒಟ್ಟಿಗೆ ಕಳಿಸಿದರೆ, ಅಂದರೆ 225 ಗ್ರಾಮಿನ ನಾಲ್ಕು ಪಾಕೀಟು 900 ಗ್ರಾಂ, ಡಬ್ಬಿ ಸೇರಿ ಒಂದು ಕಿಲೋ ಒಳಗೆ. ದರ 120. ಒಂದೊಂದು ಪಾಕೀಟಿನ ಪಾಲಿಗೆ 30 ರೂಪಾಯಿ ಮಾತ್ರ.

90 ಎಲ್ಲಿ, 30 ಎಲ್ಲಿ? ಕೊರಿಯರ್ ಬದಲಾಗಲಿಲ್ಲ, ಚೌಕಾಶಿ ಮಾಡಲಿಲ್ಲ. ಚಟ್ನಿಗೆ ಜೊತೆ ಸಿಕ್ತು, ಅಷ್ಟೇ.

ಇವತ್ತಿನ ಇಡೀ ಮಾತಿನ ಸಾರ ಇದೇ: ಅಗ್ಗದ ಸರಕು ಒಂಟಿಯಾಗಿ ಪ್ರಯಾಣ ಮಾಡಬಾರದು.

ಶೇಂಗಾ, ಅಗಸೆ, ಗುರೆಳ್ಳು, ಪುಟಾಣಿ. ನಾಲ್ಕು ಚಟ್ನಿ ಸೇರಿಸಿ ಒಂದೇ ಸೆಟ್ ಮಾಡಿ. ಬಿಡಿ ಪಾಕೀಟು ಆನ್‌ಲೈನ್‌ನಲ್ಲಿ ಮಾರಲೇಬೇಡಿ, ಅದು ಊರಿನ ಅಂಗಡಿಗಿರಲಿ. ಸೆಟ್‌ಗೆ “ಸಾಗಣೆ ಸೇರಿ 450 ರೂಪಾಯಿ” ಅಂತ ಒಂದೇ ಬೆಲೆ ಇಡಿ. ಚಟ್ನಿ ಖರ್ಚು 220, ಡಬ್ಬಿ-ಟೇಪು 20, ಸಾಗಣೆ 120. ಉಳಿಯೋದು 90 ರೂಪಾಯಿ. ಕೊಳ್ಳುವವರಿಗೂ ಒಂದು ಪಾಕೀಟು 112 ರೂಪಾಯಿಗೆ ಮನೆ ಬಾಗಿಲಿಗೆ ಬಂತು. ಮೊದಲಿನ 180 ಜೊತೆ ಹೋಲಿಸಿ ನೋಡಿ.

ರೊಟ್ಟಿ ಡಬ್ಬಿಯಲ್ಲಿ ಗಾಳಿ

ಓದಿದ್ದು ಇಂಜಿನಿಯರಿಂಗ್, ಮಾಡೋದು ಸುದ್ದಿ. ಅಪರೂಪಕ್ಕೆ ಓದಿದ್ದು ಉಪಯೋಗಕ್ಕೆ ಬರೋ ಜಾಗ ಇದು, ಸ್ವಲ್ಪ ಸಹಿಸಿಕೊಳ್ಳಿ.

ಖಡಕ್ ರೊಟ್ಟಿ ಮಾರುವವರಿಗೆ ಬೇರೆಯದೇ ತೊಂದರೆ. ಹತ್ತು ರೊಟ್ಟಿ ತೂಗಿದರೆ 400 ಗ್ರಾಂ ಸುಮಾರು. ಬಿಲ್ ಮಾತ್ರ ಒಂದೂವರೆ ಕಿಲೋಗೆ ಬರುತ್ತೆ! ಯಾಕೆ? ಸಾಗಣೆಯವರು ಕಾಟಾ ತೂಕ ಒಂದನ್ನೇ ನೋಡಲ್ಲ, ಡಬ್ಬಿ ವ್ಯಾನಿನಲ್ಲಿ ಎಷ್ಟು ಜಾಗ ನುಂಗುತ್ತೆ ಅಂತಲೂ ನೋಡ್ತಾರೆ. ಡಬ್ಬಿಯ ಉದ್ದ, ಅಗಲ, ಎತ್ತರವನ್ನ ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಬರೋದು ‘ಗಾತ್ರದ ತೂಕ’. ಕಾಟಾ ತೂಕ, ಗಾತ್ರದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಎಲ್ಲರೂ 5,000ದಿಂದಲೇ ಭಾಗಿಸ್ತಾರೆ ಅಂತಿಲ್ಲ, ನಿಮ್ಮವರು ಯಾವ ಸಂಖ್ಯೆ ಹಿಡೀತಾರೆ ಅಂತ ಕೇಳಿಕೊಳ್ಳಿ.

25 ಸೆಂಟಿಮೀಟರ್ ಅಗಲದ ರೊಟ್ಟಿ. ಅದಕ್ಕೆ 26 ಉದ್ದ, 26 ಅಗಲ, 8 ಎತ್ತರದ ಡಬ್ಬಿ. ಗುಣಿಸಿ: 5,408. ಭಾಗಿಸಿ: 1.08 ಕಿಲೋ. ಒಂದು ಕಿಲೋ ದಾಟಿತು, ಒಂದೂವರೆ ಕಿಲೋ ಮೆಟ್ಟಿಲಿಗೆ ಹೋದಿರಿ. ಅದೇ ಡಬ್ಬಿಯ ಎತ್ತರ ಒಂದೇ ಒಂದು ಸೆಂಟಿಮೀಟರ್ ಇಳಿಸಿ, 7 ಮಾಡಿ. 4,732 ಭಾಗಿಸು 5,000. ಬಂತು 0.946. ಒಂದು ಕಿಲೋ ಒಳಗೆ ಬಂದುಬಿಟ್ಟಿರಿ. ನಮ್ಮ ಉದಾಹರಣೆ ದರದಲ್ಲಿ 150 ಇದ್ದದ್ದು 120 ಆಯ್ತು. ಬೆರಳಗಲದ ಗಾಳಿಗೆ 30 ರೂಪಾಯಿ ಕೊಡ್ತಿದ್ದಿರಿ!

ಇನ್ನೂ ಇದೆ. ರೊಟ್ಟಿ ದುಂಡಗೆ, ಡಬ್ಬಿ ಚೌಕ. ನಾಲ್ಕು ಮೂಲೆ ಖಾಲಿ. ಲೆಕ್ಕ ಹಾಕಿದರೆ ಡಬ್ಬಿಯ ನೆಲದಲ್ಲಿ ನೂರಕ್ಕೆ 27 ಭಾಗ ಆ ಮೂಲೆಗಳೇ. ಆ ಜಾಗಕ್ಕೆ ನೀವು ಆಗಲೇ ದುಡ್ಡು ಕೊಟ್ಟಾಗಿದೆ. ರೊಟ್ಟಿ 400 ಗ್ರಾಂ, ಡಬ್ಬಿ 150 ಗ್ರಾಂ, ಒಟ್ಟು 550. ಒಂದು ಕಿಲೋ ಮುಟ್ಟೋಕೆ ಇನ್ನೂ 450 ಗ್ರಾಂ ಬಾಕಿ ಇದೆ. ಒಂದೊಂದು ಮೂಲೆಗೆ ನೂರು ಗ್ರಾಮಿನ ಒಂದೊಂದು ಚಟ್ನಿ ಪೌಚ್ ನಿಲ್ಲಿಸಿ. ಒಟ್ಟು ತೂಕ 950 ಗ್ರಾಂ. ದರ ಒಂದು ರೂಪಾಯಿಯೂ ಏರಲ್ಲ. ನಾಲ್ಕು ಚಟ್ನಿ ಬಿಟ್ಟಿ ಪ್ರಯಾಣ ಮಾಡಿದವು. ಮೇಲಿಂದ ಆ ಪೌಚ್‌ಗಳು ರೊಟ್ಟಿ ಅಲುಗಾಡದ ಹಾಗೆ ಹಿಡಿದುಕೊಳ್ಳುತ್ತವೆ. ಅಲುಗದ ರೊಟ್ಟಿ ಮುರಿಯೋದೂ ಕಡಿಮೆ.

ರೊಟ್ಟಿ, ಚಟ್ನಿ ಒಂದೇ ತಾಟಿನಲ್ಲಿ ಇರಬೇಕು ಅಂತ ನಮ್ಮ ಹಿರಿಯರು ರುಚಿಗೆ ಹೇಳಿದ್ದರು. ಸಾಗಣೆ ಲೆಕ್ಕವೂ ಅದನ್ನೇ ಹೇಳ್ತಿದೆ ನೋಡಿ.

ಸಂತೆ ದಿನ ಇಟ್ಟುಕೊಳ್ಳಿ

ಈ ಎಲ್ಲ ಊರಿಗೂ ವಾರಕ್ಕೊಂದು ಸಂತೆ ಇದೆ. ದಿನಾ ಯಾಕಿಲ್ಲ? ದಿನಾ ಗಾಡಿ ಕಟ್ಟಿದರೆ ಗಾಡಿ ಬಾಡಿಗೆಯೇ ಹುಟ್ಟಲ್ಲ. ಆನ್‌ಲೈನ್ ಅಂದ ತಕ್ಷಣ ಮಾತ್ರ ನಾವು ಇದನ್ನ ಮರೀತೀವಿ. ಇವತ್ತು ಒಂದು ಆರ್ಡರ್ ಬಂತು, ಇವತ್ತೇ ಓಡಿ ಕಳಿಸ್ತೀವಿ. ಊರಿನಿಂದ ಪೇಟೆಗೆ ಹೋಗಿಬರೋ ಖರ್ಚು, ಅರ್ಧ ದಿನದ ಕೆಲಸ ಲೆಕ್ಕಕ್ಕೇ ಬರಲ್ಲ.

ವಾರಕ್ಕೆ ಒಂದೋ ಎರಡೋ ದಿನ ಕಳಿಸುವ ದಿನ ಅಂತ ಇಡಿ. “ಸೋಮವಾರ ಮತ್ತು ಗುರುವಾರ ಮಾತ್ರ ರವಾನೆ” ಅಂತ ಮೊದಲೇ ಬರೆದುಬಿಡಿ. ಮನೆಯ ರೊಟ್ಟಿ ತಿನ್ನಬೇಕು ಅನ್ನುವವರು ಎರಡು ದಿನ ಕಾಯ್ತಾರೆ. ಹತ್ತು ನಿಮಿಷದಲ್ಲಿ ಬೇಕು ಅನ್ನುವವರು ನಿಮ್ಮ ಗಿರಾಕಿ ಅಲ್ಲ. ಒಟ್ಟಿಗೆ ಇಪ್ಪತ್ತು ಪಾರ್ಸಲ್ ತಂದವರ ಜೊತೆ ಕೊರಿಯರ್‌ನವರೂ ದರ ಮಾತಾಡ್ತಾರೆ, ಒಂದು ತಂದವರ ಜೊತೆ ಮಾತಾಡಲ್ಲ.

ಒಬ್ಬರಿಗೆ ಇಪ್ಪತ್ತು ಆರ್ಡರ್ ಇಲ್ಲ, ಸರಿ. ಮಹಿಳಾ ಸಂಘದಲ್ಲಿ ಹತ್ತು ಜನ ಇದ್ದಾರಲ್ಲ? ರೊಟ್ಟಿ ಒಬ್ಬರದು, ಚಟ್ನಿ ಇನ್ನೊಬ್ಬರದು, ಹೋಳಿಗೆ ಮತ್ತೊಬ್ಬರದು. ವ್ಯಾಪಾರ ಬೇರೆ ಬೇರೆ ಇರಲಿ, ಕಳಿಸುವ ಮೇಜು ಒಂದೇ ಇರಲಿ.

ಬಸ್ಸಿಗೆ ಹಾಕಿ, ಬೆಂಗಳೂರಲ್ಲಿ ಹಂಚಿ

ಮೂರನೇ ದಾರಿ ಇನ್ನೂ ದೊಡ್ಡದು. ಅದಕ್ಕೆ ಮೊದಲು ಅಂಚೆಯ ಒಂದು ದರಪಟ್ಟಿ ನೋಡೋಣ. 2025ರ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್ ಹೊಸ ದರ ಜಾರಿಗೆ ಬಂತು. ಕಾಗದಪತ್ರಗಳಿಗೆ 251ರಿಂದ 500 ಗ್ರಾಂವರೆಗೆ ಅದೇ ಊರಿನೊಳಗಾದರೆ 28 ರೂಪಾಯಿ. 501ರಿಂದ 1,000 ಕಿಲೋಮೀಟರ್ ದೂರಕ್ಕಾದರೆ 82 ರೂಪಾಯಿ. ಎರಡಕ್ಕೂ ಜಿಎಸ್‌ಟಿ ಬೇರೆ. ಇದು ಪಾರ್ಸಲ್ ದರ ಅಲ್ಲ, ಅದಕ್ಕೆ ಬೇರೆ ಪಟ್ಟಿ ಇದೆ, ನಿಮ್ಮ ಅಂಚೆ ಕಚೇರಿಯಲ್ಲಿ ಕೇಳಿ. ನಾನು ತೋರಿಸಬೇಕು ಅಂದಿದ್ದು ಅಂತರ. ಅದೇ ತೂಕ, ಅದೇ ಪೋಸ್ಟ್‌ಮ್ಯಾನ್. ಊರೊಳಗಿನ ದರದ ಹತ್ತಿರ ಹತ್ತಿರ ಮೂರು ಪಟ್ಟು ದೂರದ ದರ.

ಅಂದಮೇಲೆ ಉಪಾಯ ಏನು? ದೂರದ ದಾರಿಯನ್ನ ಸರಕು ದೊಡ್ಡ ಪೆಟ್ಟಿಗೆಯಲ್ಲಿ ಒಟ್ಟಿಗೆ ದಾಟಲಿ. ಹಂಚುವ ಕೆಲಸ ಬೆಂಗಳೂರೊಳಗೇ ನಡೆಯಲಿ.

ದೊಡ್ಡ ಪೆಟ್ಟಿಗೆಗೆ ಬಸ್ ಇದೆ. ರಾಜ್ಯದ ಸಾರಿಗೆ ನಿಗಮಗಳು 2021ರ ಫೆಬ್ರವರಿಯಲ್ಲಿ ‘ನಮ್ಮ ಕಾರ್ಗೋ’ ಹೆಸರಲ್ಲಿ ಪಾರ್ಸಲ್ ಸೇವೆ ಶುರು ಮಾಡಿದವು. ವಿಜಯಪುರ ಜಿಲ್ಲೆಯ ಬಸ್ಸುಗಳು ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇರುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ ಸೇರಿದವು. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ರೈಲು ಇಲ್ಲ. ಇಂಡಿ ರೋಡ್ ನಿಲ್ದಾಣ ಇಂಡಿ ಪಟ್ಟಣದಲ್ಲಿಲ್ಲ, ಬಸವನ ಬಾಗೇವಾಡಿ ರೋಡ್ ನಿಲ್ದಾಣ ಇರೋದು ತೆಲಗಿಯಲ್ಲಿ. ಹಾಗಾಗಿ ಈ ಊರುಗಳಿಗೆ ನಿಜವಾದ ದಾರಿ ಬಸ್‌ಸ್ಟ್ಯಾಂಡೇ. ಎಷ್ಟೋ ತಾಯಂದಿರು ಬೆಂಗಳೂರಲ್ಲಿ ಓದೋ ಮಗನಿಗೆ ಬುತ್ತಿ ಕಳಿಸೋದು ಹೇಗೆ? ಬಸ್ಸಿನಲ್ಲೇ. ಅದನ್ನೇ ವ್ಯಾಪಾರಕ್ಕೆ ಹಚ್ಚೋದು.

ಉದಾಹರಣೆ: ಇಪ್ಪತ್ತು ಸೆಟ್, ಒಂದು ದೊಡ್ಡ ಪೆಟ್ಟಿಗೆ, ಬಸ್ ಬಾಡಿಗೆ 400 ರೂಪಾಯಿ. ಸೆಟ್‌ಗೆ 20 ಬಿತ್ತು. ಬೆಂಗಳೂರಲ್ಲಿ ಪೆಟ್ಟಿಗೆ ಬಿಡಿಸಿಕೊಂಡು ವಿಳಾಸ ಹಚ್ಚುವವರಿಗೆ ಸೆಟ್‌ಗೆ 15. ಊರೊಳಗಿನ ವಿತರಣೆಗೆ 40. ಒಟ್ಟು 75. ಮೊದಲಿನ 120 ಜಾಗದಲ್ಲಿ 75! ಬಿಡಿಸಿಕೊಳ್ಳುವವರು ಯಾರು? ಅಲ್ಲಿರುವ ನೆಂಟರು, ಪರಿಚಯದ ಖಾನಾವಳಿಯವರು, ಊರಿನ ಹುಡುಗರು. ಯಾರೇ ಇರಲಿ, ಪುಕ್ಕಟೆ ಮಾಡಿಸಬೇಡಿ. ಪುಕ್ಕಟೆ ಸಹಾಯ ನಾಲ್ಕು ವಾರ ನಡೆಯುತ್ತೆ, ಕೂಲಿ ಕೊಟ್ಟರೆ ನಾಲ್ಕು ವರ್ಷ ನಡೆಯುತ್ತೆ.

ಒಂದು ಎಚ್ಚರಿಕೆ ಇದೆ. ಈ ದಾರಿ ಆರ್ಡರ್ ಇದ್ದಾಗ ಮಾತ್ರ. ಆರ್ಡರ್ ಇಲ್ಲದೆ ಇಪ್ಪತ್ತು ಸೆಟ್ ಕಳಿಸಿ “ಅಲ್ಲಿ ಮಾರಾಟ ಆಗ್ತಾವ” ಅಂತ ಕೂತರೆ ರೊಟ್ಟಿ ಮೆತ್ತಗಾಗುತ್ತೆ, ಎಣ್ಣೆ ವಾಸನೆ ಬರುತ್ತೆ.

ವಾಪಸ್ ಬರೋ ಪಾರ್ಸಲ್

ಇಷ್ಟು ಉಳಿಸಿದ್ದನ್ನೆಲ್ಲ ಒಂದೇ ಏಟಿಗೆ ತಿಂದುಹಾಕೋ ಶತ್ರು ಒಂದಿದೆ. ವಾಪಸ್ ಬರುವ ಪಾರ್ಸಲ್.

ಹಳಬರಿಗೆ ವಿ.ಪಿ.ಪಿ. ನೆನಪಿರುತ್ತೆ. ಪುಸ್ತಕ, ಪಂಚಾಂಗ ತರಿಸಿ, ಪೋಸ್ಟ್‌ಮ್ಯಾನ್ ಬಂದಾಗ ದುಡ್ಡು ಕೊಟ್ಟು ಬಿಡಿಸಿಕೊಳ್ಳೋದು. ಇವತ್ತಿನ ಕ್ಯಾಶ್ ಆನ್ ಡೆಲಿವರಿ ಅದರ ಮೊಮ್ಮಗ. ತೊಂದರೆಯೂ ಅದೇ: ಬಾಗಿಲಲ್ಲಿ “ಬೇಡ” ಅಂದರೆ ಅಥವಾ ಮನೆಯಲ್ಲಿ ಯಾರೂ ಸಿಗದಿದ್ದರೆ ಹೋದ ದಾರಿಯಲ್ಲೇ ವಾಪಸ್.

ನಮ್ಮ 450 ರೂಪಾಯಿ ಸೆಟ್ ತಗೊಳ್ಳಿ. ಹತ್ತು ಕಳಿಸಿದಿರಿ, ಹತ್ತೂ ತಲುಪಿದರೆ ಲಾಭ 900. ಈಗ ಒಂದು ವಾಪಸ್ ಬಂತು. ಚಟ್ನಿ 220, ಡಬ್ಬಿ 20, ಹೋಗೋ ಖರ್ಚು 120, ಬರೋ ಖರ್ಚು 120. ಒಟ್ಟು 480 ನಷ್ಟ. ವಾರಗಟ್ಟಲೆ ತಿರುಗಿ ಬಂದ ತಿನಿಸನ್ನ ಮತ್ತೊಬ್ಬರಿಗೆ ಮಾರಕ್ಕಾಗಲ್ಲ, ಮಾರಬಾರದು. ಉಳಿದ ಒಂಬತ್ತರ ಲಾಭ 810. ಕಳೆದರೆ ಕೈಗೆ 330. ಹತ್ತರಲ್ಲಿ ಎರಡು ವಾಪಸ್ ಬಂದರೆ? ಎಂಟರ ಲಾಭ 720, ಎರಡರ ನಷ್ಟ 960. ಕೈಯಿಂದ 240 ಹೋಯ್ತು! ಎಂಟು ಮನೆಯವರು ಚಪ್ಪರಿಸಿ ತಿಂದಿದ್ದಾರೆ, ಮಾಡಿದವರಿಗೆ ಮಾತ್ರ ನಷ್ಟ.

ಅದಕ್ಕೇ ತಿನಿಸಿನ ವ್ಯಾಪಾರದಲ್ಲಿ ದುಡ್ಡು ಮೊದಲು, ಪಾರ್ಸಲ್ ಆಮೇಲೆ. ಯುಪಿಐ ಇದೆ, ಮೊಬೈಲ್ ಇದೆ, ಸಂಕೋಚ ಬೇಡ. ಪಿನ್‌ಕೋಡ್, ಎರಡು ಫೋನ್ ನಂಬರ್, ಮನೆ ಹತ್ತಿರದ ಗುರುತು ಕೇಳಿ ಬರ್ಕೊಳ್ಳಿ. ಕಳಿಸುವ ದಿನ ಒಂದು ಮೆಸೇಜ್, ಟ್ರ್ಯಾಕಿಂಗ್ ನಂಬರ್ ಜೊತೆಗೆ. ದೊಡ್ಡ ಕಂಪನಿಗಳು ಹತ್ತರಲ್ಲಿ ಎರಡು ವಾಪಸ್ ಬಂದರೂ ತಡ್ಕೊಳ್ಳುತ್ತವೆ. ನೀವು ತಡ್ಕೊಳ್ಳಕ್ಕಾಗಲ್ಲ.

ಕಮಿಷನ್ ಹೋಯ್ತು, ಸಾಗಣೆ ಉಳೀತು

ದೊಡ್ಡ ತಾಣಗಳ ಮೇಲೆ ಹಾಕಿದರೆ ಎಲ್ಲ ಅವರೇ ನೋಡ್ಕೊಳ್ತಾರೆ ಅಂತಾರೆ. ನಿಜ, ಗಿರಾಕಿ ಸಿಗ್ತಾರೆ. 2025ರ ಏಪ್ರಿಲ್‌ನಲ್ಲಿ ಅಮೆಜಾನ್ 300 ರೂಪಾಯಿಗಿಂತ ಕಡಿಮೆ ಬೆಲೆಯ 1.2 ಕೋಟಿಗೂ ಹೆಚ್ಚು ಸರಕುಗಳಿಗೆ ರೆಫರಲ್ ಶುಲ್ಕ, ಅಂದರೆ ಕಮಿಷನ್, ತೆಗೆದುಹಾಕಿತು. ಮೀಶೋ ಅದಕ್ಕೂ ಮೊದಲೇ ಕಮಿಷನ್ ಇಲ್ಲದೆ ಮಾರಾಟಕ್ಕೆ ಬಿಟ್ಟಿತ್ತು. ಒಳ್ಳೇದು. ಆದರೆ ಗಮನಿಸಿ, ಕಮಿಷನ್ ಹೋದರೂ ಸಾಗಣೆ ಶುಲ್ಕ ಹೋಗಲಿಲ್ಲ. ಅಗ್ಗದ ಸರಕಿನ ಕುತ್ತಿಗೆ ಹಿಡಿಯೋದು ಕಮಿಷನ್ ಅಲ್ಲ, ಸಾಗಣೆ. ಅಲ್ಲಿ ಮಾರಿದರೂ ಸೆಟ್, ಮೆಟ್ಟಿಲು, ಗಾತ್ರದ ತೂಕ ಇವೇ ಮೂರು ಲೆಕ್ಕ.

ತೆರಿಗೆಯ ಒಂದು ಮಾತು. ಮೊದಲು ಇಂಥ ತಾಣಗಳಲ್ಲಿ ಸರಕು ಮಾರಬೇಕು ಅಂದರೆ ವಹಿವಾಟು ಎಷ್ಟೇ ಸಣ್ಣದಿರಲಿ, ಜಿಎಸ್‌ಟಿ ನೋಂದಣಿ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಮಿತಿಯೊಳಗಿನ ಸಣ್ಣವರಿಗೆ ವಿನಾಯಿತಿ ಬಂತು. ಜಿಎಸ್‌ಟಿ ತಾಣದಲ್ಲಿ ಒಂದು ದಾಖಲಾತಿ ಸಂಖ್ಯೆ ತಗೊಂಡರೆ ಸಾಕು. ಆದರೆ ಒಂದು ಷರತ್ತು: ರಾಜ್ಯದ ಒಳಗೆ ಮಾತ್ರ. ಇಂಡಿಯವರು ಐನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೀಗೆ ಕಳಿಸಬಹುದು. ಗಡಿಯಾಚೆ ಹತ್ತಿರದಲ್ಲೇ ಇರುವ ಸೊಲ್ಲಾಪುರಕ್ಕೆ ಮಾತ್ರ ತೆರಿಗೆ ಬೀಳುವ ಸರಕು ಕಳಿಸಬೇಕಾದರೆ ನೋಂದಣಿ ಮಾಡಿಸಬೇಕು. ಗಡಿ ಸೀಮೆಯವರಿಗೆ ಇದು ದೊಡ್ಡ ತೊಡಕು. ಯಾವ ಸರಕಿಗೆ ಎಷ್ಟು ತೆರಿಗೆ ಅಂತ ತಿಳಿದವರನ್ನ ಒಮ್ಮೆ ಕೇಳಿ. ಮತ್ತೆ, ತಿನ್ನುವ ಸರಕಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇ ಬೇಕು, ಪಾಕೀಟಿನ ಮೇಲೆ ಆ 14 ಅಂಕಿಯ ಸಂಖ್ಯೆ ಇರಬೇಕು.

ಪುಸ್ತಕಕ್ಕೆ ಕೊಟ್ಟ ದಾರಿ ಕಾಯಕಕ್ಕೆ ಯಾಕಿಲ್ಲ?

ಇಷ್ಟು ಹೊತ್ತು ಮಾರುವವರು ಏನು ಮಾಡಬೇಕು ಅಂತ ಹೇಳಿದೆ. ಎಲ್ಲ ಹೊರೆ ಅವರ ತಲೆ ಮೇಲೆ ಹಾಕಿ ಕೈತೊಳೆದುಕೊಳ್ಳೋದು ಸರಿಯಲ್ಲ. ಸರ್ಕಾರಕ್ಕೆ ಒಂದು ಪ್ರಶ್ನೆ ಇದೆ.

ಅಂಚೆ ಇಲಾಖೆ 2024ರ ಡಿಸೆಂಬರ್‌ನಲ್ಲಿ ಪುಸ್ತಕಗಳಿಗಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಲ್ಲಿಸಿತು. ಪ್ರಕಾಶಕರು, ಓದುಗರು ದನಿ ಎತ್ತಿದರು. 2025ರ ಮೇ 1ರಿಂದ ‘ಜ್ಞಾನ್ ಪೋಸ್ಟ್’ ಅಂತ ಹೊಸ ಸೇವೆ ಬಂತು. 300 ಗ್ರಾಂವರೆಗಿನ ಪುಸ್ತಕಕ್ಕೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಟ್ರ್ಯಾಕಿಂಗ್ ಇದೆ. ವಿಮಾನದಲ್ಲಿ ಅಲ್ಲ, ನೆಲದ ದಾರಿಯಲ್ಲಿ ನಿಧಾನವಾಗಿ ಹೋಗುತ್ತೆ. ನಿಧಾನವಾದರೂ ಪರವಾಗಿಲ್ಲ, ಅಗ್ಗವಾಗಿ ಹೋಗಲಿ ಅನ್ನೋ ತೀರ್ಮಾನ ಅದು. ಒಳ್ಳೆಯ ತೀರ್ಮಾನ.

ಹಾಗಾದರೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮಾಡಿದ ಚಟ್ನಿ, ಹಪ್ಪಳ, ಕೌದಿ, ಬುಟ್ಟಿಗೆ ಅಂಥದ್ದೇ ಒಂದು ದರ ಯಾಕಿರಬಾರದು? ದೇಶದಲ್ಲಿ 1.64 ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ, ಹೆಚ್ಚಿನವು ಹಳ್ಳಿಯಲ್ಲೇ. ಕಚೇರಿ ಇದೆ, ಪೋಸ್ಟ್‌ಮ್ಯಾನ್ ಇದ್ದಾರೆ, ದಿನಾ ಚೀಲ ಹೊತ್ತು ವ್ಯಾನು ಹೋಗೇ ಹೋಗುತ್ತೆ. ಬೇಕಾಗಿರೋದು ಒಂದು ದರಪಟ್ಟಿ, ಒಂದು ಆದೇಶ. ಎಲ್ಲರಿಗೂ ಬೇಡ. ನೋಂದಾಯಿತ ಸಂಘಗಳಿಗೆ, ತೂಕಕ್ಕೆ ಮಿತಿ ಇಟ್ಟು, ನೆಲದ ದಾರಿಯಲ್ಲಿ ಕೊಡಿ. ಕಾಯಕಕ್ಕೆ ದೇವರ ಪೂಜೆಯ ಸ್ಥಾನ ಕೊಟ್ಟ ಬಸವಣ್ಣ ಹುಟ್ಟಿದ ಊರು ಬಸವನ ಬಾಗೇವಾಡಿ. ಆ ಊರಿನ ಹೆಣ್ಣುಮಗಳು ಕುಟ್ಟಿದ ಚಟ್ನಿ ಬೆಂಗಳೂರಿಗೆ ಹೋಗೋಕೆ ಚಟ್ನಿಗಿಂತ ಹೆಚ್ಚು ದುಡ್ಡು ಕೇಳಿದರೆ, ಕಾಯಕದ ಬಗ್ಗೆ ನಾವು ವೇದಿಕೆ ಮೇಲೆ ಮಾಡೋ ಭಾಷಣಕ್ಕೆ ಏನು ಬೆಲೆ? ಈ ನಾಲ್ಕು ಊರಿನ ಶಾಸಕರು, ಜಿಲ್ಲೆಯ ಸಂಸದರು ಈ ಒಂದು ಪ್ರಶ್ನೆಯನ್ನ ಸದನದಲ್ಲಿ ಕೇಳಲಿ.

ಅವರು ಕೇಳೋವರೆಗೆ ನೀವು ಕಾಯಬೇಕಿಲ್ಲ. ಇವತ್ತು ರಾತ್ರಿ ಊಟ ಆದಮೇಲೆ ಒಂದು ಅಳತೆಪಟ್ಟಿ, ಒಂದು ಸಣ್ಣ ಕಾಟಾ ತಗೊಂಡು ಕೂತ್ಕೊಳ್ಳಿ. ನಿಮ್ಮ ಡಬ್ಬಿಯ ಉದ್ದ, ಅಗಲ, ಎತ್ತರ ಬರೀರಿ. ಟೇಪ್ ಹಚ್ಚಿದ ಪಾರ್ಸಲ್ ತೂಗಿ. ಮೆಟ್ಟಿಲು ಎಷ್ಟು ಗ್ರಾಂ ದಾಟಿದೆ ನೋಡಿ. ಖಾಲಿ ಮೂಲೆ ಎಲ್ಲಿದೆ ಹುಡುಕಿ. ಆಮೇಲೆ ಪಕ್ಕದ ಮನೆ ಬಾಗಿಲು ತಟ್ಟಿ, “ನಿಮ್ಮ ಚಟ್ನಿ ನಮ್ಮ ರೊಟ್ಟಿ ಡಬ್ಬಿಯಾಗ ಇಡೋಣೇನ್ರಿ?” ಅಂತ ಕೇಳಿ. ವ್ಯಾಪಾರ ಅಲ್ಲಿಂದ ಶುರು ಆಗುತ್ತೆ.